ತೋಳಿಗೆ ತಿಳಿಯುವ ವಿದ್ಯುತ್ತು: ಒಂದು ಪ್ರಯೋಗ ಪೆಟ್ಟಿಗೆಯ ವಿಮರ್ಶೆ

ಶಕ್ತಿಯ ಮೂಲಗಳನ್ನು ಮಕ್ಕಳಿಗೆ ಪರಿಚಯಿಸುವ ಪ್ರಯೋಗ ಪೆಟ್ಟಿಗೆಯೊಂದನ್ನು ಎರಡು ತಿಂಗಳಿಂದ ಹತ್ತು ವರ್ಷದ ಮಗಳೊಂದಿಗೆ ಬಳಸುತ್ತಿದ್ದೇನೆ. ಕೈಯಿಂದ ತಿರುಗಿಸುವ ಡೈನಮೋ, ಅಂಗೈಯಗಲದ ಸೌರಫಲಕ, ಪ್ಲಾಸ್ಟಿಕ್ ಗಾಳಿಯಂತ್ರ, ತಂತಿಸುರುಳಿಯ ಬಲ್ಬು, ಎಲ್‌ಇಡಿ, ವೋಲ್ಟ್‌ಮಾಪಕ ಮತ್ತು ಒಂದು ಕೈಪಿಡಿ ಅದರಲ್ಲಿವೆ.

ಪೆಟ್ಟಿಗೆಯ ಸತ್ವವೆಲ್ಲ ಇರುವುದು ಡೈನಮೋದಲ್ಲಿ. ಏನನ್ನೂ ಜೋಡಿಸದಿದ್ದಾಗ ಸಲೀಸಾಗಿ ಸುತ್ತುವ ಹಿಡಿಕೆ, ಬಲ್ಬನ್ನು ಜೋಡಿಸಿದ ಕೂಡಲೇ ಯಾರೋ ಹಿಡಿದು ನಿಲ್ಲಿಸಿದಂತೆ ಬಿಗಿಯಾಗುತ್ತದೆ. ಅದೇ ಜಾಗದಲ್ಲಿ ಎಲ್‌ಇಡಿ ಇಟ್ಟರೆ ಆ ಬಿಗಿ ಬಹುಪಾಲು ಸಡಿಲಗೊಂಡರೂ ಬೆಳಕು ಕುಂದುವುದಿಲ್ಲ. 1831ರಲ್ಲಿ ವಿಜ್ಞಾನಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ (ಅಯಸ್ಕಾಂತದ ಬಳಿ ತಂತಿಯ ಸುರುಳಿ ತಿರುಗಿದಾಗ ಅದರಲ್ಲಿ ವಿದ್ಯುತ್ತು ಹುಟ್ಟುವುದು) ಇಲ್ಲಿ ಕೆಲಸ ಮಾಡುತ್ತಿದೆ: ಡೈನಮೋದೊಳಗಿನ ಸುರುಳಿಯಲ್ಲಿ ಹರಿಯತೊಡಗಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ, ಆ ತಡೆಯನ್ನು ಮೀರಲು ತೋಳು ಪಡುವ ಶ್ರಮವೇ ಬೆಳಕೂ ಶಾಖವೂ ಆಗುತ್ತದೆ. 60 ವ್ಯಾಟ್‌ನ ಹಳೆಯ ಬಲ್ಬಿನಷ್ಟೇ ಬೆಳಕನ್ನು ಸುಮಾರು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆಂದು ನಾನು ಎಷ್ಟೋ ಸಲ ಹೇಳಿದ್ದುಂಟು; ಮಗಳಿಗೆ ಅದು ಮನದಟ್ಟಾದದ್ದು ಮಣಿಕಟ್ಟು ನೋಯತೊಡಗಿದಾಗ. ನೂರು ವ್ಯಾಟ್‌ನಂತೆ ಬಿಡದೆ ಹತ್ತು ಗಂಟೆ ಸೈಕಲ್ ತುಳಿದರೆ ಒಂದು ಯೂನಿಟ್ ವಿದ್ಯುತ್ತಿನಷ್ಟು ಕೆಲಸವಾಗುತ್ತದೆ ಎಂಬ ಲೆಕ್ಕವನ್ನು ಅವಳು ಆಮೇಲೆ ತಾನೇ ಕೇಳಿ ಬರೆದುಕೊಂಡಳು.

ಸೌರಫಲಕವೂ ಒಳ್ಳೆಯದೇ. ಬಿಸಿಲಿಗೆ ಎದುರಾಗಿ ಹಿಡಿದು ನಿಧಾನವಾಗಿ ಓರೆ ಮಾಡುತ್ತ ಹೋದರೆ ಎಲ್‌ಇಡಿ ಮಂಕಾಗುವುದನ್ನು ಕಾಣಬಹುದು. ಫಲಕದ ಒಂದೇ ಕೋಶವನ್ನು ಬೆರಳಿನಿಂದ ಪೂರ್ತಿ ಮುಚ್ಚಿದಾಗ ದೀಪವೇ ಆರುವುದೇಕೆಂದು ಕೈಪಿಡಿ ವಿವರಿಸಬೇಕಿತ್ತು. ಕೋಶಗಳು ಒಂದರ ಹಿಂದೊಂದು ಜೋಡಣೆಗೊಂಡಿರುವುದರಿಂದ ನೆರಳಿನಲ್ಲಿರುವ ಒಂದು ಉಳಿದೆಲ್ಲವುಗಳ ಹರಿವನ್ನೂ ಕಟ್ಟಿಹಾಕುತ್ತದೆ.

ಗಾಳಿಯಂತ್ರ ನಿರಾಸೆ ತಂದಿತು. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟುಮಡಿಯಾಗುತ್ತದೆ, ಆದ್ದರಿಂದಲೇ ಮೆಲುಗಾಳಿಯಿಂದ ಸಿಗುವುದು ಬಹಳ ಅಲ್ಪ. ಇದನ್ನು ಹೇಳುವ ಬದಲು ಕೈಪಿಡಿ ಯಂತ್ರವನ್ನು ಟೇಬಲ್ ಫ್ಯಾನಿನ ಮುಂದಿಡಲು ಸೂಚಿಸುತ್ತದೆ. ಹೆಚ್ಚು ವಿದ್ಯುತ್ತನ್ನು ವ್ಯಯಿಸಿ ಕಡಿಮೆ ವಿದ್ಯುತ್ತನ್ನು ಪಡೆಯುವ ಈ ಕ್ರಮದಲ್ಲಿ ನಷ್ಟವಾದದ್ದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನಾದರೂ ಅಲ್ಲಿ ಎತ್ತಬಹುದಿತ್ತು.

ನನ್ನ ದೊಡ್ಡ ಆಕ್ಷೇಪ ಬೇರೆಯದು. ಸೂರ್ಯ ಮತ್ತು ಗಾಳಿಯನ್ನು ಕೈಪಿಡಿ 'ಎಂದಿಗೂ ಮುಗಿಯದ ಶಕ್ತಿ' ಎಂದು ಪುಟಪುಟದಲ್ಲೂ ಕೊಂಡಾಡುತ್ತದೆಯೇ ಹೊರತು ಸಂಗ್ರಹಣೆಯ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ, ಪೆಟ್ಟಿಗೆಯಲ್ಲಿ ಅದಕ್ಕೆ ಬೇಕಾದ ಸಾಧನವೂ ಇಲ್ಲ. 'ರಾತ್ರಿ ಏನು ಮಾಡುತ್ತಾರೆ?' ಎಂದು ಮಗಳು ಮೊದಲ ದಿನವೇ ಕೇಳಿದ್ದಳು. ಕೊನೆಗೆ ಫಲಕದ ವೋಲ್ಟೇಜನ್ನು ತಾಳಬಲ್ಲ ಸೂಪರ್ ಕೆಪಾಸಿಟರ್ (ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಪುಟ್ಟ ಸಾಧನ) ಒಂದನ್ನು ಬೇರೆಯಾಗಿ ತಂದು, ಹಗಲು ತುಂಬಿಸಿ, ಸಂಜೆ ಕೆಂಪು ಎಲ್‌ಇಡಿಗೆ ಜೋಡಿಸಿದೆವು. ಅದು ಕೆಲವೇ ನಿಮಿಷ ಬೆಳಗಿತು. ಡೈನಮೋದ ಸಲುವಾಗಿ ಈ ಪೆಟ್ಟಿಗೆಯನ್ನು ಧಾರಾಳವಾಗಿ ಕೊಳ್ಳಬಹುದು, ಆದರೆ ಜೊತೆಯಲ್ಲಿ ಆ ಪುಟ್ಟ ಕೆಪಾಸಿಟರನ್ನೂ ತಂದಿಟ್ಟುಕೊಳ್ಳಿ.