ಸ್ಪಿಟ್‌ಫೈರ್ ಬಾಗಿಲಿಗೆ ಯಾವ ಬೀಡಿಂಗ್? ಐದು ಬಗೆ ಹಾಕಿ ನೋಡಿದ ಮೇಲೆ

ಹಳೆಯ ಸ್ಪೋರ್ಟ್ಸ್ ಕಾರಿನ ಬಾಗಿಲ ರಬ್ಬರ್ ಬದಲಾಯಿಸಲು ಹೊರಟವರೆಲ್ಲ ಮೊದಲು ಕೇಳುವುದು, ‘ಯಾರು ಮಾಡಿದ್ದು ಒಳ್ಳೆಯದು?’ ಅಂತ. ನನ್ನ ಟ್ರಯಂಫ್ ಸ್ಪಿಟ್‌ಫೈರ್ 1500ಕ್ಕೆ ಒಂದಾದ ಮೇಲೊಂದರಂತೆ ಐದು ಬಗೆಯ ಬೀಡಿಂಗ್, ಅಂದರೆ ಬಾಗಿಲ ಸುತ್ತ ಕೂರುವ ಈ ರಬ್ಬರ್ ಪಟ್ಟಿ, ಹಾಕಿ, ಓಡಿಸಿ, ಬಿಚ್ಚಿದ್ದೇನೆ. ಈಗ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಬೇರೆ: ನಿಮ್ಮ ಬಾಗಿಲಿಗೂ ಬಾಡಿಗೂ ನಡುವೆ ಸಂದು ಎಷ್ಟು ಮಿಲಿಮೀಟರ್ ಇದೆ, ಅಳೆದಿದ್ದೀರಾ?

ಯಾಕೆ ಹೀಗೆ ಅನ್ನುವುದು ಈ ಕಾರಿನ ಕಟ್ಟಣೆಯಲ್ಲೇ ಇದೆ. ಸ್ಪಿಟ್‌ಫೈರ್ 1962ರಿಂದ 1980ರವರೆಗೆ ಇಂಗ್ಲೆಂಡಿನ ಕವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಲ್ಲಿ ತಯಾರಾಯಿತು. ರೂಪ ಇಟಲಿಯ ಜಿಯೋವಾನಿ ಮಿಕೆಲೊಟ್ಟಿಯದು, ಚಾಸಿ ಟ್ರಯಂಫ್ ಹೆರಾಲ್ಡ್‌ನಿಂದ ಬಂದದ್ದು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಂಡವರಿಗೆ, ಮಡ್‌ಗಾರ್ಡ್ ಸಮೇತ ಇಡೀ ಬಾನೆಟ್ಟು ಮುಂದಕ್ಕೆ ಮಗುಚುತ್ತಿದ್ದದ್ದು ನೆನಪಿರಬಹುದು. ಇದೂ ಅದೇ ವಂಶ. ಆದರೆ ಹೆರಾಲ್ಡ್ ಚಾಸಿಯನ್ನು ಗಿಡ್ಡ ಮಾಡುವಾಗ ಪಕ್ಕದ ಕಂಬಿಗಳನ್ನು ತೆಗೆದು, ಆ ಕೆಲಸವನ್ನು ಬಾಡಿಯ ಸಿಲ್‌ಗಳಿಗೆ ವಹಿಸಿದರು. ಬಾಗಿಲ ಕೆಳಗಿನ ಆ ತಗಡಿನ ಪೆಟ್ಟಿಗೆ ಇಲ್ಲಿ ಅಲಂಕಾರಕ್ಕಲ್ಲ, ಭಾರ ಹೊರಲು ಇದೆ. ಮೇಲೆ ಗಟ್ಟಿ ಛಾವಣಿ ಇಲ್ಲ. ಸಿಲ್ ತುಕ್ಕು ಹಿಡಿದರೆ ಬಾಡಿ ನಡು ಬಗ್ಗುತ್ತದೆ, ಬಾಗಿಲ ಸಂದಿನ ಮೇಲ್ತುದಿ ಕಿರಿದಾಗುತ್ತದೆ. ಹೊಸ ಸಿಲ್ ಬೆಸುಗೆ ಹಾಕಿದವನ ಕೈಗುಣದ ಮೇಲೆ ಸಂದು ಮತ್ತೆ ಬದಲಾಗುತ್ತದೆ. ಇವತ್ತು ರಸ್ತೆಯ ಮೇಲಿರುವ ಹೆಚ್ಚಿನ ಸ್ಪಿಟ್‌ಫೈರ್‌ಗಳ ಸಿಲ್ ಒಮ್ಮೆಯಾದರೂ ಬದಲಾಗಿರುತ್ತದೆ. ಹಾಗಾಗಿ ‘ಸ್ಪಿಟ್‌ಫೈರ್‌ಗೆ ಸರಿಹೊಂದುವ ಸೆಟ್’ ಎಂದು ಪೊಟ್ಟಣದ ಮೇಲೆ ಬರೆದದ್ದು ಅರ್ಧ ಸತ್ಯ.

ಅಳೆಯುವುದು ಸುಲಭ. ಮಕ್ಕಳು ಆಡುವ ಜೇಡಿಯ ಉಂಡೆಗಳನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಹಳೆ ರಬ್ಬರ್ ಕಿತ್ತ ಅಂಚಿನ ಪಕ್ಕದಲ್ಲಿ ಅಲ್ಲಲ್ಲಿ ಅಂಟಿಸಿ, ಬಾಗಿಲನ್ನು ಲಾಕ್ ಬೀಳುವವರೆಗೆ ಮುಚ್ಚಿ ತೆರೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ನಿಮ್ಮ ಸಂದು. ನನ್ನ ಕಾರಿನಲ್ಲಿ ಹಿಂಜಿನ ಕಡೆ 6 ಮಿ.ಮೀ., ಸಿಲ್ ಮೇಲೆ 8, ಲಾಕ್ ಕಡೆ 10ಕ್ಕಿಂತ ತುಸು ಹೆಚ್ಚು. ಸ್ಪಂಜಿನ ಬಲ್ಬ್ (ಸಂದು ತುಂಬುವ ಟೊಳ್ಳು ಕೊಳವೆ) ಇರುವ ಬೀಡಿಂಗ್ ತನ್ನ ಎತ್ತರದ ಮೂರನೇ ಒಂದು ಭಾಗದಷ್ಟು ಅದುಮಿದರೆ ನೀರು ತಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಸೋರುತ್ತದೆ, ಬಹಳ ಜಾಸ್ತಿಯಾದರೆ ಬಾಗಿಲು ಮುಚ್ಚುವುದಿಲ್ಲ.

ಮೊದಲು ಹಾಕಿದ್ದು ಈ ಕಾರಿಗೆಂದೇ ಮಾರುವ ಮರುತಯಾರಿಕೆಯ ಸೆಟ್. ಮಾರಿದವರ ಹೆಸರು ಬೇಡ. ಹೋಲುವ ಸರಕು ಹಲವರ ಬಳಿ ಇದೆ. ನೋಡಲು ಬಹಳ ಚಂದ: ಕಪ್ಪು, ಹೊಳಪು, ಒಳಗೆ ಉಕ್ಕಿನ ಹಲ್ಲುಗಳಿರುವ ಹಿಡಿಕೆ, ಬಾಡಿಯ ಅಂಚಿಗೆ ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ. ತೊಂದರೆ ಇದ್ದದ್ದು ಬಲ್ಬ್‌ನಲ್ಲಿ. ಸ್ಪಂಜಿನ ಬದಲು ಘನ ರಬ್ಬರಿನ ಗೋಡೆ, ಅದೂ ದಪ್ಪ. ಬಾಗಿಲನ್ನು ಬಡಿದು ಮುಚ್ಚಬೇಕು. ಬಡಿದರೂ ಲಾಕ್ ಮೊದಲ ಹಲ್ಲಿಗೆ ನಿಂತು, ಬಾಗಿಲ ಹಿಂದಿನ ಅಂಚು ಹೊರಕ್ಕೆ ಉಬ್ಬಿಕೊಂಡಿತ್ತು. ‘ಒಂದು ಬೇಸಿಗೆ ಕಳೆಯಲಿ, ಕೂರುತ್ತದೆ’ ಎಂಬ ಸಮಾಧಾನ ಎಲ್ಲರಿಂದಲೂ ಬಂತು. ಸ್ವಲ್ಪ ಕೂತದ್ದು ನಿಜ. ಆದರೆ ಘನ ರಬ್ಬರ್ ಹಾಗೆ ಕೂರುವುದೆಂದರೆ ಶಾಶ್ವತವಾಗಿ ಚಪ್ಪಟೆಯಾಗುವುದು; ಆಮೇಲೆ ಅದು ಮತ್ತೆ ಉಬ್ಬಿ ಸಂದು ತುಂಬುವುದಿಲ್ಲ. ಅಷ್ಟರಲ್ಲಿ ಪ್ರತಿ ಬಡಿತದ ಪೆಟ್ಟೂ ಹಿಂಜಿಗೆ, ಹಿಂಜಿರುವ ಕಂಬದ ತಗಡಿಗೆ ಬೀಳುತ್ತಿರುತ್ತದೆ. ನಲವತ್ತು ವರ್ಷ ದಾಟಿದ ತಗಡಿಗೆ ಆ ಶಿಕ್ಷೆ ಯಾಕೆ?

ಇಲ್ಲೊಂದು ಯಂತ್ರದ ಲೆಕ್ಕ ಇದೆ. ಹಿಂಜಿನ ಹತ್ತಿರ ಬಾಗಿಲು ಸರಿಯುವ ದೂರ ತೀರಾ ಕಡಿಮೆ, ಸನ್ನೆಯ ಬಲ ಹೆಚ್ಚು. ಅಲ್ಲಿ ದಪ್ಪ ರಬ್ಬರ್ ಇಟ್ಟರೆ ಬಾಗಿಲಿಗೆ ಬೆಣೆ ಇಟ್ಟಂತೆಯೇ. ಅಲ್ಲಿ ಎರಡು ಮಿಲಿಮೀಟರ್ ಹೆಚ್ಚಾದರೆ ಲಾಕ್ ಕಡೆ ಅದರ ಹಲವು ಪಟ್ಟು ದೂರ ಉಳಿಯುತ್ತದೆ. ಬಾಗಿಲು ಮುಚ್ಚುತ್ತಿಲ್ಲ ಎಂದು ಎಲ್ಲರೂ ಲಾಕ್ ಕಡೆಯೇ ನೋಡುತ್ತಾರೆ, ತೊಡಕು ಇರುವುದು ಎದುರು ತುದಿಯಲ್ಲಿ.

ಎರಡನೆಯದು ಫರ್‌ಫ್ಲೆಕ್ಸ್ ಎಂದು ಇಲ್ಲಿ ಇಂಗ್ಲೆಂಡಿನಲ್ಲಿ ಕರೆಯುವ ಬಟ್ಟೆ ಹೊದಿಸಿದ ಪಟ್ಟಿ. ಆ ಕಾಲದ ಬ್ರಿಟಿಷ್ ಕಾರುಗಳ ಒಳಗೆ ಕಾಣುವ, ಮಖಮಲ್ಲಿನಂಥ ಮೇಲ್ಮೈ ಇರುವ ಸರಕು. ಕಾರಿನೊಳಗಿನ ಬಣ್ಣಕ್ಕೆ ಹೊಂದುವಂಥದ್ದು ಸಿಗುತ್ತದೆ. ಅಂದದ ವಿಷಯಕ್ಕೆ ಬಂದರೆ ಐದರಲ್ಲಿ ಇದಕ್ಕೇ ನನ್ನ ಓಟು. ಬಾಗಿಲು ಬೆರಳಲ್ಲಿ ತಳ್ಳಿದರೂ ಮುಚ್ಚುತ್ತದೆ. ಗಾಳಿಯನ್ನು ಒಂದಿಷ್ಟು ತಡೆಯುತ್ತದೆ, ನೀರನ್ನು ಮಾತ್ರ ತಡೆಯುವುದಿಲ್ಲ, ಬದಲಿಗೆ ಹೀರಿಕೊಳ್ಳುತ್ತದೆ. ನಾನಿರುವ ಲೆಸ್ಟರ್‌ನಲ್ಲಿ ಮಳೆ ಜೋರಾಗಿ ಬಂದು ನಿಲ್ಲುವ ಜಾತಿಯದ್ದಲ್ಲ, ದಿನವಿಡೀ ಜಿನುಗುತ್ತದೆ. ಒದ್ದೆ ಬಟ್ಟೆ ವಾರಗಟ್ಟಲೆ ತಗಡಿನ ಅಂಚಿಗೆ ಅಂಟಿಕೊಂಡಿದ್ದರೆ ಅಡಿಯಲ್ಲಿ ತುಕ್ಕು ಶುರುವಾಗದೆ ಇರುತ್ತದೆಯೇ? ಮಳೆ ಕಾಣದ, ಪ್ರದರ್ಶನಕ್ಕಷ್ಟೇ ಹೋಗುವ ಕಾರಿಗೆ ಇದು ಹೇಳಿ ಮಾಡಿಸಿದ್ದು.

ಮೂರನೆಯದು ಬೆಂಗಳೂರಿನಿಂದ ತಂದದ್ದು. ಊರಿಗೆ ಹೋದಾಗ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ‘ಡೋರ್ ಬೀಡಿಂಗ್ ಬೇಕು’ ಅಂದೆ. ‘ಯಾವ ಗಾಡಿಗೆ ಸಾರ್?’ ಅಂತ ಕೇಳಿದರು. ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸದೆ, ‘ಮೀಟರ್ ಲೆಕ್ಕದಲ್ಲಿ ಕೊಡ್ತೀನಿ, ಎಲ್ಲಾದಕ್ಕೂ ಆಗುತ್ತೆ’ ಅಂದು ಸುರುಳಿ ಬಿಚ್ಚೇಬಿಟ್ಟರು. ಬೆಲೆ ಕೇಳಿದರೆ ಇಂಗ್ಲೆಂಡಿನಲ್ಲಿರುವವನಿಗೆ ಖುಷಿಯೇ ಆಗಬೇಕು. ಹಿಡಿಕೆ ಚೆನ್ನಾಗಿತ್ತು, ಬೆಂಗಳೂರಿನ ಬಿಸಿಲಲ್ಲಿ ಕೈಗೆ ಮೆತ್ತಗೂ ಇತ್ತು. ಇಲ್ಲಿಗೆ ತಂದು ಹಾಕಿದೆ. ಸೆಪ್ಟೆಂಬರ್‌ವರೆಗೆ ಯಾವ ದೂರೂ ಇರಲಿಲ್ಲ. ಚಳಿ ಬಿದ್ದ ಮೇಲೆ ಅದರ ಜಾತಿ ಗೊತ್ತಾಯಿತು: ರಬ್ಬರ್ ಅಲ್ಲ, ಪಿವಿಸಿ ಎಂಬ ಪ್ಲಾಸ್ಟಿಕ್. ಪಿವಿಸಿ ತಂಪಿಗೆ ಸೆಡೆತುಕೊಳ್ಳುತ್ತದೆ. ಬೆಳಗಿನ ಹೊತ್ತು ಸೊನ್ನೆ ಡಿಗ್ರಿಯಲ್ಲಿ ಅದರ ಬಲ್ಬ್ ಒತ್ತಿದರೆ ನೀರಿನ ಪೈಪ್ ಒತ್ತಿದ ಅನುಭವ. ಮೂಲೆಗಳಲ್ಲಿ ಮಡಿಕೆ ಬಿದ್ದಲ್ಲಿ ಬೆಳ್ಳಗೆ ಗೆರೆಯೂ ಮೂಡಿತು. ಬೆಂಗಳೂರು, ಮೈಸೂರಿನ ಹವೆಯಲ್ಲಿ ಹಳೆ ಕಾರು ಇಟ್ಟುಕೊಂಡವರಿಗೆ ಈ ಆಕ್ಷೇಪ ಅಷ್ಟಾಗಿ ಲಾಗೂ ಆಗುವುದಿಲ್ಲ. ಅವರಿಗೆ ಶತ್ರು ಬಿಸಿಲು. ಕೊಳ್ಳುವಾಗ ಇಪಿಡಿಎಂ ಎಂಬ ಕೃತಕ ರಬ್ಬರ್ ಹೌದೋ ಅಲ್ಲವೋ ಎಂದು ಕೇಳಿ ತರುವುದು ಒಳ್ಳೆಯದು, ಬಿಸಿಲಿಗೂ ಓಜೋನಿಗೂ ಆ ರಬ್ಬರ್ ಚೆನ್ನಾಗಿ ತಡೆದುಕೊಳ್ಳುತ್ತದೆ.

ನಾಲ್ಕನೆಯದು ಗುಜರಿಯಲ್ಲಿ ಬಿದ್ದಿದ್ದ ಈಚಿನ ಒಂದು ಸಣ್ಣ ಕಾರಿನ ಬಾಗಿಲ ರಬ್ಬರ್. ಸ್ಪಂಜು ಅತ್ಯುತ್ತಮ ಗುಣಮಟ್ಟದ್ದು. ಆದರೆ ಬಲ್ಬ್ ದೊಡ್ಡದು, ದೊಡ್ಡ ಸಂದಿಗೆಂದೇ ಮಾಡಿದ್ದು. ಜೊತೆಗೆ ಅದರ ಹಿಡಿಕೆ ತೆಳು ಅಂಚಿಗೆ ಹೇಳಿ ಮಾಡಿಸಿದ್ದು. ಎರಡು ಮೂರು ಪದರ ತಗಡು ಸೇರಿದ ನನ್ನ ಸಿಲ್ ಅಂಚಿಗೆ ಹತ್ತಲೇ ಇಲ್ಲ. ಲಾಕ್ ಕಡೆ ಮಾತ್ರ ಚೆನ್ನಾಗಿ ಕೂತಿತು. ಪುಕ್ಕಟೆಗೆ ಸಮೀಪದ ಬೆಲೆಗೆ ಸಿಕ್ಕರೆ ಪ್ರಯತ್ನಿಸಬಹುದು, ಅದರ ಮೇಲೆ ಭರವಸೆ ಇಡಬೇಡಿ.

ಈಗಲೂ ಕಾರಿನಲ್ಲಿರುವುದು ಐದನೆಯದು: ಮೀಟರ್ ಲೆಕ್ಕದಲ್ಲಿ ಸಿಗುವ, ಯಾವ ಕಾರಿನ ಹೆಸರೂ ಇಲ್ಲದ, ಇಪಿಡಿಎಂ ಸ್ಪಂಜಿನ ಬಲ್ಬ್ ಬೀಡಿಂಗ್. ಹಡಗು, ಟ್ರ್ಯಾಕ್ಟರ್ ಕ್ಯಾಬಿನ್, ಯಂತ್ರದ ಪೆಟ್ಟಿಗೆ ಎಲ್ಲಕ್ಕೂ ಇದನ್ನೇ ಮಾರುತ್ತಾರೆ. ಇದರ ದೊಡ್ಡ ಗುಣ ಆಯ್ಕೆ. ಬಲ್ಬ್ ಮೇಲ್ಭಾಗದಲ್ಲಿ ಇರುವುದೋ ಪಕ್ಕದಲ್ಲಿ ಇರುವುದೋ, ಎಷ್ಟು ಮಿ.ಮೀ., ಹಿಡಿಕೆ ಎಷ್ಟು ದಪ್ಪದ ಅಂಚನ್ನು ಕಚ್ಚುತ್ತದೆ, ಎಲ್ಲ ಅಳತೆಯನ್ನೂ ಪಟ್ಟಿಯಲ್ಲಿ ಕೊಟ್ಟಿರುತ್ತಾರೆ. ಜೇಡಿಯ ಉಂಡೆಯ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು. ಎರಡು ಅಳತೆ ತರಿಸಿದೆ: ಹಿಂಜಿನ ಕಡೆಗೂ ಸಿಲ್‌ಗೂ ಚಿಕ್ಕ ಬಲ್ಬ್, ಲಾಕ್ ಕಡೆಗೆ ದೊಡ್ಡದು. ಎರಡೂ ಬಾಗಿಲು ಸೇರಿ ಆರು ಮೀಟರ್ ಇದ್ದರೆ ಸಾಕಾಗಿ ಉಳಿಯುತ್ತದೆ. ಸ್ಪಂಜು ಒತ್ತಿದರೆ ಬಿಸಿ ಇಡ್ಲಿಯ ಹಾಗೆ ತಗ್ಗಿ ಮತ್ತೆ ಮೇಲೇಳಬೇಕು; ಇದು ಹಾಗೇ ಇದೆ, ಚಳಿಗಾಲದ ಬೆಳಿಗ್ಗೆಯೂ.

ಅಂದದಲ್ಲಿ ಇದಕ್ಕೆ ಅಂಕ ಕಡಿಮೆ, ಒಪ್ಪಲೇಬೇಕು. ಫರ್‌ಫ್ಲೆಕ್ಸ್‌ನ ಮುಂದೆ ಇದು ಬಡ ಕಪ್ಪು ಕೊಳವೆ. 1970ರ ದಶಕದ ಒಳಾಂಗಣವನ್ನು ಹಾಗ್ಹಾಗೇ ಇಡಬೇಕೆನ್ನುವವರು ಮೂಗು ಮುರಿಯುತ್ತಾರೆ. ಮೇಲೆ ಬಟ್ಟೆ ಹೊದಿಸಿದ, ಸ್ಪಂಜಿನ ಬಲ್ಬೂ ಇರುವ ಬಗೆಯೊಂದು ಸಿಗುತ್ತದೆ; ಬೆಲೆ ಜಾಸ್ತಿ, ಅಳತೆಯ ಆಯ್ಕೆ ಕಡಿಮೆ. ದುಡ್ಡು ಖರ್ಚು ಮಾಡಲು ಮನಸ್ಸಿದ್ದವರಿಗೆ ಅದು ರಾಜಿ ದಾರಿ.

ಹಾಕುವಾಗ ಗಮನಿಸಬೇಕಾದ್ದು ಹೆಚ್ಚಿಲ್ಲ, ಆದರೆ ಇರುವಷ್ಟು ಮುಖ್ಯ. ಬಲ್ಬ್ ಒಳಗಿನ ಗಾಳಿ ಹೊರಹೋಗಲು ಸಣ್ಣ ತೂತುಗಳಿರಬೇಕು. ಇಲ್ಲದಿದ್ದರೆ ಎಷ್ಟೇ ಮೆತ್ತಗಿನ ರಬ್ಬರಾದರೂ ಗಾಳಿ ತುಂಬಿದ ಟ್ಯೂಬಿನಂತೆ ಬಾಗಿಲನ್ನು ಹಿಂದಕ್ಕೆ ತಳ್ಳುತ್ತದೆ. ಮೀಟರ್ ಲೆಕ್ಕದ ಮಾಲಿನಲ್ಲಿ ತುದಿಗಳನ್ನು ಅಂಟಿಸಿ ಮುಚ್ಚಿದರೆ ಈ ತೊಂದರೆ ಖಂಡಿತ. ಬಾಗಿಲ ಕಡೆ ಬೇಡ, ಒಳಮೈಯಲ್ಲಿ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ. ಸೇರಿಕೆ ಸಿಲ್ ಮೇಲೆ ಬರಲಿ, ಮೇಲಿನ ಮೂಲೆಯಲ್ಲಿ ಬೇಡ. ಹಾಕುವ ಮುನ್ನ ತಗಡಿನ ಅಂಚಿಗೆ ತುಕ್ಕು ತಡೆಯುವ ಬಣ್ಣ ಬಳಿದು ಪೂರ್ತಿ ಒಣಗಲು ಬಿಡಿ, ಹಿಡಿಕೆಯ ಉಕ್ಕಿನ ಹಲ್ಲು ಹಳೆ ಬಣ್ಣವನ್ನು ಗೀರುವುದು ಗ್ಯಾರಂಟಿ. ಚಳಿಗಾಲದಲ್ಲಿ ಅಂಟಿಕೊಳ್ಳದಿರಲಿ ಎಂದು ಸವರುವುದಾದರೆ ಸಿಲಿಕೋನ್ ಗ್ರೀಸ್ ಮಾತ್ರ. ವ್ಯಾಸಲೀನ್‌ನಂಥ ಪೆಟ್ರೋಲಿಯಂ ಜಿಡ್ಡಿಗೆ ಇಪಿಡಿಎಂ ಉಬ್ಬಿ ಹಾಳಾಗುತ್ತದೆ. ಎಲ್ಲ ಮುಗಿದ ಮೇಲೆ ಲಾಕ್ ಕಡೆಯ ಕಂಬದ ಸ್ಟ್ರೈಕರ್ ಪ್ಲೇಟಿನ (ಲಾಕ್ ಬಂದು ಸಿಕ್ಕಿಕೊಳ್ಳುವ ಭಾಗ) ಸ್ಕ್ರೂ ಸಡಿಲಿಸಿ ಮತ್ತೆ ಹೊಂದಿಸಬೇಕು. ಮೊದಲೇ ಹೊಂದಿಸಿ ಕೂತರೆ ಎರಡೆರಡು ಸಲ ಕೆಲಸ.

ಕೂತದ್ದು ಸರಿಯೇ ಅನ್ನುವುದಕ್ಕೆ ಕಾಗದದ ಪರೀಕ್ಷೆ ಸಾಕು. ಒಂದು ಪಟ್ಟಿ ಕಾಗದವನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ಒಂದೇ ಬಿಗಿಯಲ್ಲಿ ಬರಬೇಕು. ಹರಿದರೆ ಅಲ್ಲಿ ದಪ್ಪ, ಜಾರಿದರೆ ಅಲ್ಲಿ ತೆಳು. ಆಮೇಲೆ ಪೈಪ್ ಹಿಡಿದು ನೀರು ಬಿಡುವುದು, ಒಳಗೆ ಟಾರ್ಚ್ ಸಮೇತ ಒಬ್ಬರು. ನಮ್ಮಲ್ಲಿ ಆ ಕೆಲಸಕ್ಕೆ ಮಗಳನ್ನು ಒಪ್ಪಿಸಲು ಐಸ್‌ಕ್ರೀಮ್ ಲಂಚ ಬೇಕಾಯಿತು.

ಸದ್ದಿನ ಬಗ್ಗೆ ಮಾತ್ರ ಯಾರೂ ಆಸೆ ಇಟ್ಟುಕೊಳ್ಳಬೇಡಿ. ಬಟ್ಟೆಯ ಹುಡ್ (ಮಡಚುವ ಛಾವಣಿ) ಇರುವ ಕಾರಿನಲ್ಲಿ ಹೆದ್ದಾರಿಯ ವೇಗಕ್ಕೆ ಬರುವ ಗಾಳಿಯ ಸದ್ದು ಬಹುಪಾಲು ಹುಡ್‌ನದ್ದು. ಐದು ಬಗೆಯಲ್ಲಿ ಯಾವುದನ್ನು ಹಾಕಿದರೂ ಪಕ್ಕದವರ ಜೊತೆ ಕೂಗಿಯೇ ಮಾತಾಡಬೇಕು.

ಇನ್ನೊಂದು, ಕಾರ್ಪೆಟ್ ಒದ್ದೆಯಾದ ತಕ್ಷಣ ಬೀಡಿಂಗ್ ಮೇಲೆ ತಪ್ಪು ಹೊರಿಸಬೇಡಿ. ಕಿಟಕಿಯ ಗಾಜು ಬಾಗಿಲೊಳಕ್ಕೆ ಇಳಿಯುವ ಜಾಗದ ಹೊರಗಿನ ಪಟ್ಟಿ ಸವೆದಿದ್ದರೆ ನೀರು ಗಾಜಿನ ಗುಂಟ ಬಾಗಿಲೊಳಗೆ ಇಳಿಯುತ್ತದೆ. ಅದು ಹೊರಹೋಗಲು ಬಾಗಿಲ ತಳದಲ್ಲಿ ತೂತುಗಳಿವೆ. ಆ ತೂತು ಮಣ್ಣು ಕಟ್ಟಿದ್ದರೆ ನೀರು ಒಳಗಿನ ರಟ್ಟಿನ ಹಲಗೆಯನ್ನು ನೆನೆಸಿ ಕಾಲಡಿಗೆ ಬರುತ್ತದೆ, ಬೀಡಿಂಗ್ ಎಷ್ಟೇ ದುಬಾರಿಯದಾಗಿರಲಿ. ಮೊದಲು ಒಂದು ತಂತಿ ತೆಗೆದುಕೊಂಡು ಆ ತೂತು ಬಿಡಿಸಿ. ಆಮೇಲೂ ಸೋರಿದರೆ ಗಾಜಿನ ಪಟ್ಟಿ ಬದಲಾಯಿಸಿ. ಅದನ್ನು ಹಿಡಿದಿರುವುದು ಪುಟ್ಟ ಸ್ಪ್ರಿಂಗ್ ಕ್ಲಿಪ್‌ಗಳು. ಬಾಗಿಲ ತಳಕ್ಕೆ ಬಿದ್ದದ್ದನ್ನು ಎತ್ತಲು ಕೋಲಿಗೆ ಕಟ್ಟಿದ ಆಯಸ್ಕಾಂತ ಹತ್ತಿರ ಇಟ್ಟುಕೊಂಡೇ ಕೆಲಸಕ್ಕೆ ಕೂರಿ.