ಕಣ್ಣು ಕಿತ್ತು ಬಂತು, ಬೀಗ ಮಾತ್ರ ಭದ್ರವಾಗಿತ್ತು

ಮೊದಲೇ ಹೇಳಿಬಿಡುತ್ತೇನೆ: ಮಗುವಿಗೆ ಏನೂ ಆಗಲಿಲ್ಲ. ಆಗಬಹುದಿತ್ತು. ಆ ‘ಬಹುದಿತ್ತು’ ನನ್ನ ತಲೆಯೊಳಗೆ ಬಂದು ಕೂತು ಆರು ತಿಂಗಳಾಯಿತು, ಇನ್ನೂ ಎದ್ದು ಹೋಗಿಲ್ಲ. ಕ್ರೋಶಾ ಗೊಂಬೆ ಹೆಣೆದು ಚಿಕ್ಕ ಮಕ್ಕಳಿರುವ ಮನೆಗೆ ಕೊಡುವ ಅಭ್ಯಾಸ ನಿಮಗಿದ್ದರೆ, ಮುಂದಿನ ಗೊಂಬೆಗೆ ಕಣ್ಣು ಕೂರಿಸುವ ಮೊದಲು ಇದನ್ನೊಮ್ಮೆ ಓದಿ.

ನಾನು ಅಮಿಗುರುಮಿಯ ಹುಚ್ಚು ಹಿಡಿಸಿಕೊಂಡು ನಾಲ್ಕು ವರ್ಷ. ಜಪಾನೀ ಪದ ಅದು. ಹೆಣಿಗೆ ಎನ್ನುವ ‘ಅಮಿ’ಗೆ ತುಂಬುಗೊಂಬೆ ಎನ್ನುವ ‘ನುಯಿಗುರುಮಿ’ಯ ಬಾಲ ಅಂಟಿಸಿದ್ದು. ಮ್ಯಾಜಿಕ್ ರಿಂಗಿನೊಳಗೆ, ಅಂದರೆ ಹೆಣಿಗೆ ಶುರುವಾಗುವ ನೂಲಿನ ಉಂಗುರದೊಳಗೆ 6 ಹೊಲಿಗೆ, ಮುಂದಿನ ಸುತ್ತಿನಲ್ಲಿ 12, ಆಮೇಲೆ 18, 24, 30 ಎಂದು ಬೆಳೆಸುತ್ತಾ ಹೋದರೆ ಕೈಯಲ್ಲೊಂದು ಬಟ್ಟಲು ಮೂಡುತ್ತದೆ, ಬಟ್ಟಲು ತಲೆಯಾಗುತ್ತದೆ, ತಲೆಗೆ ಎರಡು ಕಣ್ಣು ಬಿದ್ದ ಕೂಡಲೇ ಅದು ನಿಮ್ಮನ್ನೇ ನೋಡಲು ಶುರುಮಾಡುತ್ತದೆ. ಆ ಒಂದು ಕ್ಷಣಕ್ಕಾಗಿಯೇ ನಾವೆಲ್ಲ ಇದನ್ನು ಮಾಡುವುದು. ಹಾಗಾಗಿ ಕಣ್ಣು ಹೊಳೆಯಬೇಕು, ಕಪ್ಪಗೆ ಉಬ್ಬಿರಬೇಕು.

ಅಕ್ಕನ ಮಗಳಿಗೆ ಆಗ ಹತ್ತು ತಿಂಗಳು. ಅವಳಿಗೆಂದು ಒಂದು ಆಮೆ ಹೆಣೆದೆ. ಬರಿಯ ಆಮೆಯಲ್ಲ, ಅಂಚೆಯಣ್ಣ ಆಮೆ. ಈತ ಹಂಚಿದ ಪತ್ರ ಎಂದು ತಲುಪೀತೋ ಎಂಬ ತಮಾಷೆಯೇ ನನಗೆ ಸಾಕಾಗಿತ್ತು. ಕೆಂಪು ಕೋಟು, ಕೋಟಿಗೆ ಮೂರು ಪುಟ್ಟ ಗುಂಡಿ. ತಲೆಗೆ ಟೋಪಿ, ಗದ್ದದ ಕೆಳಗೆ ಕಟ್ಟಲು ಲಾಡಿ. ಹೆಗಲಿಗೆ ಅಡ್ಡಲಾಗಿ ಚೀಲ, ಚೀಲದೊಳಗೆ ಫೆಲ್ಟ್ ಬಟ್ಟೆಯಲ್ಲಿ ಕತ್ತರಿಸಿದ ಉಗುರಿನಷ್ಟಗಲದ ಐದು ಪತ್ರ. ಕಾಲಿಗೆ ಹಾಕಿ ತೆಗೆಯುವ ಬೂಟು. ಮೂಗಿನ ಮೇಲೆ ತಂತಿಯ ಕನ್ನಡಕ. ಕೂತಲ್ಲಿ ಅಲುಗದಿರಲೆಂದು ತಳದಲ್ಲಿ ಎರಡು ಹಿಡಿ ಪ್ಲಾಸ್ಟಿಕ್ ಮಣಿ. ಮುಗಿದ ದಿನ ಅದರ ಫೋಟೊ ಎಷ್ಟು ತೆಗೆದೆನೆಂದರೆ ನನ್ನ ಫೋಟೊ ಕೂಡ ಯಾರೂ ಅಷ್ಟು ತೆಗೆದಿರಲಿಕ್ಕಿಲ್ಲ.

ಈಗ ಆ ಪಟ್ಟಿಯನ್ನು ಹತ್ತು ತಿಂಗಳ ಮಗುವಿನ ಬಾಯಿಯ ಕಡೆಯಿಂದ ಇನ್ನೊಮ್ಮೆ ಓದಿ ನೋಡಿ. ನಾನು ಓದಿರಲಿಲ್ಲ.

ಮೂರನೆಯ ವಾರ ಅಕ್ಕನ ಫೋನ್ ಬಂತು. ಮಗು ಆಮೆಯನ್ನು ಚೀಪುತ್ತಾ ಕೂತಿತ್ತಂತೆ, ಅದು ದಿನದ ಮಾತೇ. ತಿರುಗಿ ನೋಡಿದರೆ ಆಮೆಗೆ ಒಂದೇ ಕಣ್ಣು. ನೆಲದ ಮೇಲಿಲ್ಲ, ಮಗುವಿನ ಮುಷ್ಟಿಯಲ್ಲಿಲ್ಲ. ಬಾಯಿ ಬಿಡಿಸಿದರೆ ಕೆನ್ನೆಯ ಸಂದಿಯಲ್ಲಿ ಕಪ್ಪಗೆ ಮಿಣುಕುತ್ತಿತ್ತು. ಕಾಣುತ್ತಿತ್ತಾದ್ದರಿಂದ ಬೆರಳಲ್ಲಿ ತೆಗೆದಳು. (ಕಾಣದಿದ್ದರೆ ಬೆರಳು ತೂರಿಸಿ ತಡಕಾಡಬಾರದು, ವಸ್ತು ಇನ್ನೂ ಒಳಕ್ಕೆ ಸರಿಯುತ್ತದೆ. ವರ್ಷ ತುಂಬದ ಮಗುವಿಗೆ ಉಸಿರು ಕಟ್ಟಿದರೆ ತಲೆ ಕೆಳಗಾಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ 5 ಗುದ್ದು, ಅದಕ್ಕೂ ಬರದಿದ್ದರೆ ಮಗುಚಿ ಎದೆಮೂಳೆಯ ಮೇಲೆ 5 ಒತ್ತು, ಹೀಗೆ ಒಂದಾದ ಮೇಲೊಂದು. ಜೊತೆಗಿರುವವರು ಅಷ್ಟರಲ್ಲಿ ಆಂಬ್ಯುಲೆನ್ಸ್ ಕರೆಯಬೇಕು. ಇದನ್ನು ನಾನು ಕಲಿತದ್ದು ಆ ಫೋನ್ ಇಟ್ಟ ಮೇಲೆ.) ಅಕ್ಕ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಮೆಯನ್ನು, ಬಿದ್ದ ಕಣ್ಣನ್ನು ಮನೆಗೆ ತಂದು ಮೇಜಿನ ಮೇಲಿಟ್ಟೆ. ಸೇಫ್ಟಿ ಐ ಕಂಡಿರದವರಿಗೆ ಹೇಳುವುದಾದರೆ, ಅದು ಹಿಂಬದಿಗೆ ಗೀರುಗೀರು ಕಡ್ಡಿಯಿರುವ ಪ್ಲಾಸ್ಟಿಕ್ ಕಣ್ಣು. ಕಡ್ಡಿಯನ್ನು ಹೆಣಿಗೆಯ ಸಂದಿಯಿಂದ ಒಳಕ್ಕೆ ತೂರಿಸಿ, ಒಳಗಡೆಯಿಂದ ಒಂದು ವಾಷರ್ ಒತ್ತಬೇಕು. ಟಕ್ಕೆಂದು ಕೂತರೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ವಾಷರ್ ಸರಿಯಾಗಿ ಕೂತಿರಲಿಲ್ಲ, ಕಳಚಿ ಒಳಗೆ ಬಿದ್ದಿದೆ, ತಪ್ಪು ಅಷ್ಟೇ ಎಂದುಕೊಂಡಿದ್ದೆ.

ವಾಷರ್ ಕಳಚಿರಲಿಲ್ಲ. ಕಣ್ಣಿನ ಬೆನ್ನಿಗೆ ಅದು ಇದ್ದ ಹಾಗೇ ಕಚ್ಚಿಕೊಂಡಿತ್ತು. ಇಕ್ಕಳ ಹಿಡಿದು ಎಳೆದೆ, ಬರಲಿಲ್ಲ. ಬೀಗ ತನ್ನ ಕೆಲಸ ಮಾಡಿತ್ತು. ಬಿಟ್ಟುಕೊಟ್ಟದ್ದು ನನ್ನ ಹೆಣಿಗೆ. ಕಣ್ಣು, ಕಡ್ಡಿ, ವಾಷರ್ ಮೂರೂ ಒಟ್ಟಾಗಿ ಹೊಲಿಗೆಗಳ ನಡುವಿನ ಕಂಡಿಯಿಂದ ಮೆಲ್ಲಗೆ ಜಾರಿ ಹೊರಬಂದಿದ್ದವು. ಗೋಡೆಯೇ ಸಡಿಲವಾಗಿದ್ದರೆ ಬಾಗಿಲಿಗೆ ಬೀಗ ಹಾಕಿ ಏನು? ಆ ಹೆಸರಿನಲ್ಲಿರುವ ‘ಸೇಫ್ಟಿ’ಯನ್ನು ನಾನು ಗೊಂಬೆಗೆ ಅನ್ವಯಿಸಿಕೊಂಡಿದ್ದೆ. ಅದು ಹೇಳುವುದು ವಾಷರ್ ಮತ್ತು ಕಡ್ಡಿಯ ನಡುವಿನ ಒಪ್ಪಂದವನ್ನು ಮಾತ್ರ.

ಹೆಣಿಗೆ ಯಾಕೆ ಸಡಿಲವಾಯಿತು ಎಂದು ಕೂತು ಯೋಚಿಸಿದೆ. ನೂಲಿನ ಲೇಬಲ್ ಮೇಲೆ 4 ಮಿ.ಮೀ. ಕ್ರೋಶಾ ಕಡ್ಡಿ (ಹೆಣೆಯುವ ಕೊಕ್ಕೆ) ಎಂದಿತ್ತು, ನಾನು ಅದನ್ನೇ ಹಿಡಿದೆ. ಆ ಅಳತೆ ಸ್ವೆಟರು, ಶಾಲಿನಂಥ ಮೈಮೇಲೆ ಇಳಿಬೀಳಬೇಕಾದ ಬಟ್ಟೆಗೆ. ಗೊಂಬೆಗೆ ಅದೇ ನೂಲನ್ನು 2.5 ಅಥವಾ 3 ಮಿ.ಮೀ. ಕಡ್ಡಿಯಲ್ಲಿ, ಬೆರಳು ನೋಯುವಷ್ಟು ಬಿಗಿಯಾಗಿ ಹೆಣೆಯಬೇಕು. ನನಗೆ ಇದು ಗೊತ್ತಿರಲಿಲ್ಲ ಎಂದಲ್ಲ, ಗೊತ್ತಿತ್ತು. 4ರಲ್ಲಿ ಕೆಲಸ ಬೇಗ ಸಾಗುತ್ತಿತ್ತು, ಮಣಿಕಟ್ಟು ನೋಯುತ್ತಿರಲಿಲ್ಲ. ಆಮೇಲೆ ತಲೆ ಗುಂಡಗೆ ಕಾಣಲೆಂದು ಹತ್ತಿಯಂಥ ಪಾಲಿಯೆಸ್ಟರನ್ನು ತುರುಕಿ ತುರುಕಿ ತುಂಬಿದೆ. ಒಳಗಿನ ಒತ್ತಡಕ್ಕೆ ಪ್ರತಿ ಕಂಡಿಯೂ ಬಾಯಿ ಬಿಟ್ಟಿತು. ಬೆಳಕಿಗೆ ಹಿಡಿದಾಗ ಬಿಳಿಯ ತುಂಬು ಇಣುಕುತ್ತಿದ್ದುದನ್ನು ನೋಡಿಯೂ, ಆಮೆಯ ಚರ್ಮದ ಮಚ್ಚೆಯಂತಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅದರ ಮೇಲೆ ಮೂರು ವಾರ ಜೊಲ್ಲಿನಲ್ಲಿ ನೆನೆದು, ಹಲ್ಲು ಬರುವ ವಸಡಿಗೆ ಸಿಕ್ಕಿ, ದಿನವೂ ಒಂದೇ ಕಡೆ ಎಳೆತ. ಮಕ್ಕಳು ಗೊಂಬೆಯಲ್ಲಿ ಮೊದಲು ಕಚ್ಚುವುದು ಉಬ್ಬಿದ, ಹೊಳೆಯುವ ಭಾಗವನ್ನು. ಅಂದರೆ ನಾವು ಅಷ್ಟು ಮುದ್ದಿನಿಂದ ಕೂರಿಸಿದ ಕಣ್ಣನ್ನೇ.

ಆಮೆ ಹೆಣೆಯುವ ಮಾದರಿ (ಪ್ಯಾಟರ್ನ್) ಬರೆದವರನ್ನು ದೂರಲು ಹೊರಟೆ. ತೆರೆದು ನೋಡಿದರೆ, ಕೊನೆಯ ಪುಟದ ಕೊನೆಯ ಸಾಲಿನಲ್ಲಿ ಇತ್ತು: ಇದು ಅಲಂಕಾರಕ್ಕೆ, 3 ವರ್ಷದೊಳಗಿನ ಮಕ್ಕಳಿಗೆ ಕೊಡಬೇಕಾದರೆ ಕಣ್ಣನ್ನು ಕಸೂತಿ ಮಾಡಿ. ನಾನು ಮಾದರಿ ಓದುವುದು ಮ್ಯಾಜಿಕ್ ರಿಂಗಿನಿಂದ, ನಿಲ್ಲಿಸುವುದು ‘ದಾರ ಕತ್ತರಿಸಿ’ ಎನ್ನುವಲ್ಲಿ. ಆಚೆ ಈಚೆ ಏನಿದ್ದರೂ ಕಣ್ಣಿಗೆ ಬೀಳುವುದಿಲ್ಲ. ನಿಮ್ಮಲ್ಲೂ ಬಹಳ ಜನ ಹಾಗೆಯೇ ಎಂದು ನನ್ನ ಗುಮಾನಿ.

ಆ 3 ವರ್ಷದ ಗೆರೆ ಯಾರೋ ಬಾಯಿಗೆ ಬಂದಂತೆ ಎಳೆದದ್ದಲ್ಲ. ಅಮೆರಿಕದಲ್ಲಿ 1980ರಿಂದ ಇದಕ್ಕೊಂದು ಅಳತೆಯಿದೆ: 31.7 ಮಿ.ಮೀ. ಅಗಲದ ಒಂದು ಕೊಳವೆ, ತಳ ಓರೆಯಾಗಿರುವುದರಿಂದ ಆಳ ಒಂದು ಬದಿ 25.4, ಇನ್ನೊಂದು ಬದಿ 57.1 ಮಿ.ಮೀ. ಹೆಚ್ಚೂಕಡಿಮೆ ಪುಟ್ಟ ಮಗುವಿನ ಗಂಟಲಿನ ಅಂದಾಜು. ಯಾವ ಬಿಡಿಭಾಗ ಅದರೊಳಗೆ ಪೂರ್ತಿ ಮುಳುಗುತ್ತದೋ ಅದು 3 ವರ್ಷದೊಳಗಿನವರ ಆಟಿಕೆಯಲ್ಲಿ ಇರಬಾರದು, ಕಿತ್ತು ಬರಲೂಬಾರದು. ಮನೆಯಲ್ಲಿ ಆ ಕೊಳವೆ ಇರುವುದಿಲ್ಲವಾದರೆ ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆ ಸಾಕು, ಅದು ತುಸು ಅಗಲವಾದ್ದರಿಂದ ಎಚ್ಚರಿಕೆ ಒಂಚೂರು ಹೆಚ್ಚೇ ಆಗುತ್ತದೆ. ನಾನು ಅಂಚೆಯಣ್ಣನ ಸರಂಜಾಮನ್ನೆಲ್ಲ ಒಂದೊಂದಾಗಿ ಅದರೊಳಗೆ ಹಾಕಿದೆ. ಗುಂಡಿ, ಕನ್ನಡಕ, ಪತ್ರಗಳು, ಬೂಟು, ಕೊನೆಗೆ ಟೋಪಿ ಕೂಡ. ಎಲ್ಲವೂ ಸಲೀಸಾಗಿ ಒಳಗೆ ಹೋಗಿ ಮೇಜಿನ ಮೇಲೆ ಬಿದ್ದವು. ಚೀಲ ಒಂದು ಹೋಗಲಿಲ್ಲ, ಅದರ ಪಟ್ಟಿ ಉದ್ದವಿತ್ತಲ್ಲ. ಆ ಪಟ್ಟಿಯನ್ನು ನನ್ನ ಮಣಿಕಟ್ಟಿಗೆ ಸುತ್ತಿ ನೋಡಿದಾಗ, ಅದೇ ಪಟ್ಟಿ ಮಗುವಿನ ಕುತ್ತಿಗೆಗೆ ಬಿದ್ದಿದ್ದರೆ ಎಂದು ಹೊಳೆದು ಕೈ ತಣ್ಣಗಾಯಿತು.

ಉಡುಪಿನ ವಿಷಯದಲ್ಲಿ ನಮ್ಮ ಈ ಕಲೆಗೊಂದು ಕೆಟ್ಟ ಚಾಳಿಯಿದೆ ಎಂದು ನನಗೀಗ ಅನ್ನಿಸುತ್ತದೆ. ಚಿಕ್ಕದಾದಷ್ಟೂ ಚಂದ. ದೊಡ್ಡ ಗುಂಡಿಗೆ ಯಾರೂ ‘ಅಯ್ಯೋ ಎಷ್ಟು ಮುದ್ದು’ ಎನ್ನುವುದಿಲ್ಲ. ಬಿಚ್ಚಿ ಹಾಕಲು ಬಂದರಂತೂ ಇನ್ನೂ ಚಂದ. ಐದಾರು ವರ್ಷದ ಮಗುವಿಗೆ ಇದು ಸ್ವರ್ಗ, ಬೂಟು ತೊಡಿಸಿ ಬಿಚ್ಚಿ ಗಂಟೆಗಟ್ಟಲೆ ಆಡುತ್ತದೆ. ಹತ್ತು ತಿಂಗಳ ಮಗುವಿಗೆ ಬೂಟು ಎಂದರೆ ಬಾಯಿಗೆ ಹಾಕುವ ಇನ್ನೊಂದು ವಸ್ತು. ನಾನು ಆಮೆ ಹೆಣೆದದ್ದು ಮಗುವಿಗಾಗಿ ಎಂದು ಹೇಳಿಕೊಳ್ಳುತ್ತಿದ್ದೆ. ಬೂಟು, ಕನ್ನಡಕ ಹೆಣೆದದ್ದು ಫೋಟೊ ನೋಡುವ ದೊಡ್ಡವರಿಗಾಗಿ.

ಇನ್ನೆರಡು ತೊಂದರೆ ಆಮೆಯನ್ನು ಬಿಚ್ಚಿದಾಗ ಕಂಡವು. ಕೆಂಪು ಕೋಟು ಜೊಲ್ಲಿಗೇ ಬಣ್ಣ ಬಿಟ್ಟು ಕುತ್ತಿಗೆಯ ಕೆನೆಬಣ್ಣದ ನೂಲು ಗುಲಾಬಿಯಾಗಿತ್ತು. ಆ ಬಣ್ಣ ಎಲ್ಲಿಗೆಲ್ಲ ಹೋಗಿರಬಹುದೋ. ಕಡು ನೂಲನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡುವುದು ಒಂದು ನಿಮಿಷದ ಕೆಲಸ, ಮಾಡಿರಲಿಲ್ಲ. ತಳದ ಮ್ಯಾಜಿಕ್ ರಿಂಗಿನ ಬಾಲವನ್ನು ಒಂದೇ ದಿಕ್ಕಿಗೆ ಎಳೆದು ಬಿಟ್ಟಿದ್ದರಿಂದ ಉಂಗುರ ಸಡಿಲಗೊಂಡು ನಡುವೆ ತೂತು ಬಿದ್ದಿತ್ತು. ಅದರ ಹಿಂದೆಯೇ ಪ್ಲಾಸ್ಟಿಕ್ ಮಣಿಗಳು, ಯಾವ ಚೀಲವೂ ಇಲ್ಲದೆ, ಸಾಲುಗಟ್ಟಿ ಕಾಯುತ್ತಿದ್ದವು. ಕಣ್ಣು ಒಂದು ವಾರ ತಡವಾಗಿ ಕಿತ್ತಿದ್ದರೆ ಮೊದಲು ಬರುತ್ತಿದ್ದುದು ಮಣಿಗಳೇ.

ಬಿಗಿಯಾಗಿ ಹೆಣೆದರೆ ಸಾಕಲ್ಲವೇ ಎಂದು ಕೇಳುತ್ತೀರಿ. ನಾನೂ ಹಾಗೆಂದುಕೊಂಡು ಪರೀಕ್ಷೆ ಮಾಡಿದೆ. ಯುರೋಪಿನ ಆಟಿಕೆ ಮಾನದಂಡವಾದ ಇಎನ್ 71ರ ಪ್ರಕಾರ 6 ಮಿ.ಮೀ.ಗಿಂತ ದೊಡ್ಡದಾದ ಭಾಗವನ್ನು 90 ನ್ಯೂಟನ್ ಬಲದಿಂದ 10 ಸೆಕೆಂಡು ಎಳೆದು ಹಿಡಿದರೂ ಅದು ಕಿತ್ತು ಬರಬಾರದು. 90 ನ್ಯೂಟನ್ ಎಂದರೆ ಸುಮಾರು 9 ಕೆ.ಜಿ. ತೂಕ ನೇತುಹಾಕಿದಷ್ಟು. ಲಗೇಜು ತೂಗುವ ಕೈತಕ್ಕಡಿಯ ಕೊಕ್ಕೆಗೆ ಗಟ್ಟಿ ದಾರ ಕಟ್ಟಿ, ದಾರದ ಕುಣಿಕೆಯನ್ನು ಆಮೆಯ ಉಳಿದ ಕಣ್ಣಿಗೆ ಸಿಕ್ಕಿಸಿ ಎಳೆದೆ. 4 ಕೆ.ಜಿ. ದಾಟುವ ಮೊದಲೇ ಅದೂ ವಾಷರ್ ಸಮೇತ ಬಂತು. ಆಮೇಲೆ 2.5 ಮಿ.ಮೀ. ಕಡ್ಡಿಯಲ್ಲಿ ಒಂದು ತಲೆ ಹೆಣೆದೆ. ನೂಲನ್ನು ಕಡ್ಡಿಯ ಮೇಲಿಂದ ಸುತ್ತದೆ ಕೆಳಗಿಂದ ಎಳೆದರೆ ಹೊಲಿಗೆ ‘ವಿ’ಯ ಬದಲು ಗುಣಾಕಾರ ಚಿಹ್ನೆಯಂತೆ ಕೂತು ಇನ್ನೂ ಬಿಗಿಯಾಗುತ್ತದೆ, ಹಾಗೆಯೇ ಮಾಡಿದೆ. ಹೊಲಿಗೆಗಳ ಸಂಖ್ಯೆ ಇಳಿಸುವಾಗ ಎರಡು ಹೊಲಿಗೆಗಳ ಮುಂದಿನ ಕುಣಿಕೆ ಮಾತ್ರ ಹಿಡಿದು ಕಂಡಿ ಬೀಳದಂತೆ ನೋಡಿಕೊಂಡೆ. ಈ ಸಲ ಒಣಗಿದ್ದಾಗ ಕಣ್ಣು 9 ಕೆ.ಜಿ. ತಡೆಯಿತು. ಅದೇ ತಲೆಯನ್ನು ನೆನೆಸಿ, ಹಿಂಡಿ, ನಾಲ್ಕು ದಿನ ಬೆರಳಲ್ಲಿ ತಿರುವಿ ತಿರುವಿ ಮತ್ತೆ ತೂಗಿದೆ. ಬಂತು. ಹಾಟ್ ಗ್ಲೂ ಹಚ್ಚಿ ಇನ್ನೊಂದು ಸಲ ನೋಡಿದೆ; ಅಂಟು ಪ್ಲಾಸ್ಟಿಕ್ಕಿನಿಂದ ಸಿಪ್ಪೆಯಂತೆ ಎದ್ದು ಬಂತು, ಈಗ ಬಾಯಿಗೆ ಹೋಗಲು ಕಣ್ಣಿನ ಜೊತೆ ಅಂಟಿನ ಚೂರೂ ಸಿದ್ಧ.

ಹಾಗಾಗಿ ಈಗ ನನ್ನ ಕೈಯಿಂದ 3 ವರ್ಷದೊಳಗಿನ ಯಾವ ಮಗುವಿಗೂ ಪ್ಲಾಸ್ಟಿಕ್ ಕಣ್ಣಿನ ಗೊಂಬೆ ಹೋಗುವುದಿಲ್ಲ. ಕಪ್ಪು ನೂಲಲ್ಲಿ ಕಸೂತಿ, ತುದಿಗಳನ್ನು ತಲೆಯೊಳಗೆ ಮೂರು ದಿಕ್ಕಿಗೆ ಹಾಯಿಸಿ ಹೊಲಿದು ಮುಗಿಸುತ್ತೇನೆ. ಒಂದು ಮೂಲೆಗೆ ಬಿಳಿ ದಾರದ ಒಂದು ಚುಕ್ಕೆ ಇಟ್ಟರೆ ಹೊಳಪೂ ಬರುತ್ತದೆ. ಕೋಟನ್ನು ಬಿಚ್ಚುವ ಹಾಗೆ ಹೆಣೆಯುವುದಿಲ್ಲ. ಮೈ ಹೆಣೆಯುವಾಗಲೇ ಸೊಂಟದ ಮೇಲಿಂದ ನೂಲು ಬದಲಿಸಿ ಕೆಂಪಿಗೆ ಹೋಗುತ್ತೇನೆ, ಮುಂದಿನ ಕುಣಿಕೆಗಳ ಮೇಲೆ ಒಂದು ಸುತ್ತು ಅಂಚು ಎಬ್ಬಿಸಿದರೆ ಕೋಟು ತೊಟ್ಟಂತೆಯೇ ಕಾಣುತ್ತದೆ. ಗುಂಡಿಯೂ ಕಸೂತಿಯೇ. ಬೂಟು ಕಾಲಿಗೇ ಹೆಣೆದದ್ದು. ಲಾಡಿ, ಪಟ್ಟಿ, ತಂತಿ, ಮಣಿ ಇಲ್ಲ. ಎಷ್ಟು ಮೆತ್ತಗಿದ್ದರೂ ವರ್ಷ ತುಂಬದ ಮಗು ಮಲಗುವ ಜಾಗದಲ್ಲಿ ಗೊಂಬೆ ಇಡಬೇಡಿ ಎಂದು ಕೊಡುವಾಗಲೇ ಹೇಳುತ್ತೇನೆ. ನಿದ್ದೆಯಲ್ಲಿ ಮೂಗು ಬಾಯಿ ಮುಚ್ಚುವ ಅಪಾಯವಿದೆ. ಫೋಟೊದಲ್ಲಿ ಹೊಸ ಅಂಚೆಯಣ್ಣ ಹಳೆಯವನಷ್ಟು ಮಿಂಚುವುದಿಲ್ಲ. ಅಕ್ಕನ ಮಗಳಿಗೆ ವ್ಯತ್ಯಾಸವೇ ತಿಳಿದಿಲ್ಲ, ಅವನ ಮೂಗನ್ನು ಮೊದಲಿನಷ್ಟೇ ನಿಷ್ಠೆಯಿಂದ ಚೀಪುತ್ತಾಳೆ.

ಕಷ್ಟವಾದದ್ದು ಇದ್ಯಾವುದೂ ಅಲ್ಲ, ಹಿಂದೆ ಕೊಟ್ಟ ಗೊಂಬೆಗಳನ್ನು ವಾಪಸ್ ಕೇಳಿದ್ದು. ಪಟ್ಟಿ ಮಾಡಿದೆ: ಪುಟ್ಟ ಮಕ್ಕಳಿರುವ ಮನೆಗಳಿಗೆ ಹನ್ನೊಂದು ಹೋಗಿದ್ದವು. ಕೊಟ್ಟ ಉಡುಗೊರೆಯನ್ನು ಕೇಳಿ ಪಡೆಯುವುದೆಂದರೆ ನಾಲಿಗೆ ಹೊರಳುವುದಿಲ್ಲ. ಒಬ್ಬರು ‘ನಮ್ಮ ಮಗು ಏನನ್ನೂ ಬಾಯಿಗೆ ಹಾಕುವುದಿಲ್ಲ ಬಿಡಿ’ ಎಂದರು, ಅವರ ಮನೆಯ ಆನೆಗೊಂಬೆಯನ್ನು ನೋಡಿದರೆ ಒಂದು ಗುಂಡಿ ಇರಲಿಲ್ಲ, ಯಾವಾಗ ಹೋಯಿತೆಂದು ಅವರಿಗೂ ಗೊತ್ತಿಲ್ಲ. ಇನ್ನೊಬ್ಬರು ಬೇಸರ ಮಾಡಿಕೊಂಡರು, ಇವತ್ತಿಗೂ ಮಾತು ಕಡಿಮೆ. ಒಂಬತ್ತು ವಾಪಸ್ ಬಂದವು, ಕಣ್ಣು ಬದಲಿಸಿ ಕೊಟ್ಟೆ. ಒಂದನ್ನು ನಾಯಿ ಹರಿದು ಹಾಕಿ ಮುಗಿಸಿತ್ತು.

ಹನ್ನೊಂದನೆಯದು ಒಂದು ಗೂಬೆ. ಪರಿಚಯದವರ ಪರಿಚಯದವರಿಗೆ ಕೊಟ್ಟದ್ದು, ಅವರು ಮನೆ ಬದಲಿಸಿದ್ದಾರೆ, ಇದ್ದ ನಂಬರು ಈಗ ಕೆಲಸ ಮಾಡುವುದಿಲ್ಲ. ಬೂದು ಮೈ, ನೀಲಿ ಮಫ್ಲರ್, 15 ಮಿ.ಮೀ.ನ ಹಳದಿ ಕಣ್ಣು. ಅದನ್ನು ಹೆಣೆದದ್ದೂ 4 ಮಿ.ಮೀ. ಕಡ್ಡಿಯಲ್ಲೇ.