ಟರ್ಕಿ ಕೋಳಿಗೆ ರೆಡಿಮೇಡ್ ಕಬ್ಬಿಣದ ಗೂಡು: ಮೂರು ವರ್ಷ ಬಳಸಿದ ಮೇಲೆ

2022ರ ಜೂನ್‌ನಲ್ಲಿ ತಂದು ಹಿತ್ತಲಲ್ಲಿ ನಿಲ್ಲಿಸಿದ ಗೂಡು ಇದು. 10 ಅಡಿ ಉದ್ದ, 8 ಅಡಿ ಅಗಲ, ಆಂಗಲ್ ಚೌಕಟ್ಟು, ಮೇಲೆ ಪತ್ರಾಸ, ಸುತ್ತಲೂ ಜಾಳಿಗೆ. ಬೋಲ್ಟು ಬಿಚ್ಚಿ ಬೇರೆ ಕಡೆ ಒಯ್ಯಬಹುದಾದ ಮಾದರಿ. 38 ಸಾವಿರ ರೂಪಾಯಿ ಬಿತ್ತು, ಗಾಡಿ ಬಾಡಿಗೆ ಬೇರೆ. ಊರು ಮುಧೋಳ ತಾಲೂಕಿನಲ್ಲಿ, ಘಟಪ್ರಭೆ ದಂಡೆಗೆ. 2019ರ ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು ಕಣ್ಣಲ್ಲಿ ಇತ್ತು, ಹಾಗಾಗಿ ಹಿತ್ತಲಿನ ಎತ್ತರದ ಮೂಲೆಯನ್ನೇ ಆರಿಸಿದೆವು. ಎರಡು ಗಂಡು, ಹತ್ತು ಹೆಣ್ಣು ಟರ್ಕಿಗಳ ಮನೆ ಇದು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಚೌಕಟ್ಟು ಗಟ್ಟಿಮುಟ್ಟು. ಮೂರು ಮಳೆಗಾಲ ಕಳೆದರೂ ಬೆಸುಗೆ ಒಂದೂ ಬಿಟ್ಟಿಲ್ಲ, ಬಾಗಿಲ ಬಿಜಾಗರಿಯಲ್ಲಿ ಸ್ವಲ್ಪ ತುಕ್ಕು ಬಿಟ್ಟರೆ ಬೇರೆ ತಕರಾರಿಲ್ಲ. ಬೋಲ್ಟಿನ ಜೋಡಣೆ ನಮಗೆ ನಿಜವಾಗಿ ಉಪಯೋಗಕ್ಕೆ ಬಂತು. ಜಾಗ ನೋಡಿಕೊಂಡು ಗೂಡನ್ನು ಉತ್ತರ–ದಕ್ಷಿಣ ಉದ್ದಕ್ಕೆ ನಿಲ್ಲಿಸಿದ್ದೆವು. ಮುಂದಿನ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರರ ಬಿಸಿಲು ಪಡುವಣದ ಉದ್ದ ಬದಿಯಿಂದ ಇಡೀ ನೆಲಕ್ಕೆ ಬೀಳತೊಡಗಿತು. ಹಕ್ಕಿಗಳು ಬಾಯಿ ತೆರೆದು, ರೆಕ್ಕೆ ಅಗಲಿಸಿ ತೇಕುತ್ತಿದ್ದವು. ಎಂಟು ಮಂದಿ ಸೇರಿ ಒಂದೇ ಬೆಳಿಗ್ಗೆ ಬಿಚ್ಚಿ, ಗೂಡು ಪೂರ್ವ–ಪಶ್ಚಿಮ ಉದ್ದಕ್ಕೆ ಬರುವಂತೆ ತಿರುಗಿಸಿದೆವು. ಪತ್ರಾಸದ ಮೇಲೆ ಅರ್ಧ ಅಡಿ ದಪ್ಪ ಕಬ್ಬಿನ ರವದಿ ಹೊದಿಸಿ, ಹಗ್ಗ ಬಿಗಿದು, ಉರಿ ಬಿಸಿಲಲ್ಲಿ ನೀರು ಚಿಮುಕಿಸುತ್ತೇವೆ. ನಮ್ಮ ಕಡೆ ರವದಿಗೆ ದುಡ್ಡು ಕೊಡಬೇಕಿಲ್ಲ, ಕಬ್ಬು ಕಡಿದ ಹೊಲದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ.

ಇನ್ನು ತೊಂದರೆಗೆ ಬರುತ್ತೇನೆ. ಕೂರುವ ಕೋಲಿನದೇ ದೊಡ್ಡದು.

ಕೊಳ್ಳುವಾಗ ನಾನು ನೆಲದ ಲೆಕ್ಕ ಹಾಕಿದ್ದೆ. ಬೆಳೆದ ಟರ್ಕಿಗೆ ತಲಾ 5 ಚದರಡಿ, ಹನ್ನೆರಡಕ್ಕೆ 60. ಗೂಡು 80 ಚದರಡಿ ಇದೆ, ಸಾಕು ಅಂದುಕೊಂಡೆ. ಕೋಲಿನ ಲೆಕ್ಕವೂ ಕಾಗದದ ಮೇಲೆ ಸರಿ ಇತ್ತು. ಒಂದು ಹಕ್ಕಿಗೆ ಒಂದೂವರೆ ಅಡಿಯಂತೆ 18 ಅಡಿ ಬೇಕು, ಇದರಲ್ಲಿ 10 ಅಡಿಯ ನಾಲ್ಕು ಪೈಪುಗಳನ್ನು ನಿಚ್ಚಣಿಕೆಯಂತೆ ಒಂದರ ಮೇಲೊಂದು ಕೊಟ್ಟಿದ್ದರು. ಎಲ್ಲಕ್ಕಿಂತ ಮೇಲಿನದು ನೆಲದಿಂದ 5 ಅಡಿ. ಆದರೆ ಟರ್ಕಿ ಮೂಲದಲ್ಲಿ ಅಮೆರಿಕದ ಕಾಡಿನ ಹಕ್ಕಿ, ರಾತ್ರಿ ಮರ ಏರಿ ಮಲಗುವುದು ಅದರ ರಕ್ತದಲ್ಲೇ ಇದೆ. ಕೋಲುಗಳು ಬೇರೆ ಬೇರೆ ಎತ್ತರದಲ್ಲಿದ್ದರೆ ಎಲ್ಲಕ್ಕೂ ಮೇಲಿನದೇ ಬೇಕು. ಕೆಳಗಿನ ಮೂರು ಪೈಪು ಖಾಲಿ, ಮೇಲಿನ 10 ಅಡಿಗೆ ಹನ್ನೆರಡೂ ಹಕ್ಕಿಗಳ ಜಗಳ. ದಿನಾ ಸಂಜೆ ಅರ್ಧ ತಾಸು ತಳ್ಳಾಟ, ಕುಕ್ಕಾಟ. ಜಾಗ ಸಿಗದ ಮೂರು ಹೆಣ್ಣುಗಳು ಬಾಗಿಲು ಹಾಕುವುದರೊಳಗೆ ಹೊರಗೆ ಹಾರಿ ಬೇವಿನ ಮರ ಏರುತ್ತಿದ್ದವು.

ಬೆಳಿಗ್ಗೆ ಇಳಿಯುವಾಗಲೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ, 5 ಅಡಿಯಿಂದ ನೇರ ಜಿಗಿತ. ನೆಲಕ್ಕೆ ಗರಸು ಬಡಿದು ಮೇಲೆ ಶೇಂಗಾ ಹೊಟ್ಟು ಹಾಸಿದ್ದೆವು, ಆದರೆ ದಿನಾ ಬೀಳುವ ಜಾಗದಲ್ಲಿ ಹೊಟ್ಟು ಚದುರಿ ಗರಸು ತೇಲುತ್ತಿತ್ತು. ಎಂಟು ಕಿಲೋ ತೂಗುವ ಗಂಡು ಹೀಗೆ ಜಿಗಿದು ಜಿಗಿದು ಪಾದದ ಅಡಿ ಬಾತು, ನಡುವೆ ಕಪ್ಪು ಹೆಕ್ಕಳ ಕಟ್ಟಿತು. ಪಶು ವೈದ್ಯರು ಕೀವು ತೆಗೆದು, ಔಷಧಿ ಹಾಕಿ, ಪಟ್ಟಿ ಕಟ್ಟಿದರು. ಪೆಟ್ಟು ಬಿದ್ದ ಚರ್ಮದಿಂದ ಸೋಂಕು ಒಳಗೆ ಹೋಗುತ್ತದೆ, ಭಾರದ ಹಕ್ಕಿಗೆ ಇದು ಬೇಗ ಬರುತ್ತದೆ ಎಂದರು. ಜೀವ ಉಳಿಯಿತು, ಕುಂಟು ಉಳಿದೇಬಿಟ್ಟಿತು. ಅದು ನಡೆಯುವುದನ್ನು ನೋಡಿದಾಗಲೆಲ್ಲ ನನಗೆ ಇಂದಿಗೂ ಸಂಕಟವಾಗುತ್ತದೆ.

ಓಣಿಯ ಬಡಿಗ ಕಾಕಾ ಬಂದು ನೋಡಿ, ಪೈಪಿನ ಮೇಲೆ ಕೈಯಾಡಿಸಿ ಅಂದರು: "ತಂಗಿ, ಇದು ಗುಂಡಗೆ ಐತಿ, ನುಣ್ಣಗೆ ಐತಿ. ಇಷ್ಟು ದೊಡ್ಡ ಹಕ್ಕಿ ಇದರ ಮ್ಯಾಲ ಹೆಂಗ ನಿಂದರಬೇಕು? ಬೇವಿನ ಹಲಗಿ ಹಾಕಿ ಕೊಡ್ತೀನಿ, ಅಗಲ ಬದಿ ಮ್ಯಾಲ ಮಾಡಿ."

ನಾಲ್ಕೂ ಪೈಪು ತೆಗೆಸಿದೆವು. ಅವುಗಳ ಬದಲು 4 ಇಂಚು ಅಗಲ, 2 ಇಂಚು ದಪ್ಪದ ಎರಡು ಬೇವಿನ ತೊಲೆ, ಅಂಚು ಉಜ್ಜಿ ದುಂಡು ಮಾಡಿದವು. ಎರಡೂ ಒಂದೇ ಎತ್ತರದಲ್ಲಿ, ನೆಲದಿಂದ ಎರಡೂವರೆ ಅಡಿಗೆ. ಬಾಲ ಬಡಿಯದಂತೆ ಹಿಂದಿನ ಗೋಡೆಯಿಂದ 2 ಅಡಿ ಬಿಟ್ಟು ಒಂದು, ಅಲ್ಲಿಂದ ಎರಡೂವರೆ ಅಡಿಗೆ ಇನ್ನೊಂದು. ಒಟ್ಟು 20 ಅಡಿ. ಮೊದಲಿನ 40 ಅಡಿಗಿಂತ ಅರ್ಧ, ಆದರೂ ಜಗಳ ನಾಲ್ಕೇ ದಿನಕ್ಕೆ ನಿಂತಿತು, ಏರಿ ಗೆಲ್ಲಬೇಕಾದ ಜಾಗವೇ ಉಳಿಯಲಿಲ್ಲವಲ್ಲ. ಅಗಲ ಮರದ ಮೇಲೆ ಪಾದ ಚಪ್ಪಟೆಯಾಗಿ ಊರಿ, ಎದೆಯ ಭಾರ ಹರಡಿ ಕೂರುತ್ತವೆ. ಡಿಸೆಂಬರ್ ಚಳಿಯಲ್ಲಿ ಬೆರಳುಗಳ ಮೇಲೆ ಎದೆಯ ಪುಕ್ಕ ಹೊದ್ದು ಮಲಗುವುದನ್ನು ಬ್ಯಾಟರಿ ಹಿಡಿದು ನೋಡಿದ್ದೇನೆ. ಆಮೇಲೆ ಹೊಸದಾಗಿ ಯಾವ ಹಕ್ಕಿಗೂ ಪಾದ ಬಾತಿಲ್ಲ. ಮರ ಏರುತ್ತಿದ್ದ ಮೂರನ್ನು ಒಂದು ವಾರ ಹೊತ್ತು ಮುಳುಗುವ ಮೊದಲೇ ಕಾಳು ತೋರಿಸಿ ಒಳಗೆ ಕರೆದೆವು, ಅವೂ ಹೊಂದಿಕೊಂಡವು.

ತೊಲೆಗಳ ಅಡಿ ಮೊಣಕಾಲೆತ್ತರಕ್ಕಿಂತ ಕೆಳಗೆ ಒಂದು ಜಾಳಿಗೆ ಚೌಕಟ್ಟು ಇಟ್ಟಿದ್ದೇವೆ. ಹಿಕ್ಕೆ ಅದರಡಿ ಬೀಳುತ್ತದೆ, ಹಕ್ಕಿ ತುಳಿಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬಾಚಿ ತಿಪ್ಪೆಗೆ ಹಾಕುತ್ತೇವೆ.

ಉಳಿದ ಕೊರತೆಗಳು. ಹಕ್ಕಿ ಹೋಗಿಬರುವ ಕಿಂಡಿ 14 ಇಂಚು ಇತ್ತು, ಜವಾರಿ ಕೋಳಿಯ ಅಳತೆ. ಗಂಡು ಟರ್ಕಿ ಪುಕ್ಕ ಉಬ್ಬಿಸಿದರೆ ಸಿಕ್ಕಿಕೊಳ್ಳುತ್ತಿತ್ತು, 2 ಅಡಿಗೆ ಕತ್ತರಿಸಿ ಅಗಲ ಮಾಡಿಸಿದೆವು. ಜಾಳಿಗೆ ತೆಳುವಾದ ಆರುಮೂಲೆಯದು. ವರ್ಷದೊಳಗೆ ಮುಂಗುಸಿ ಮೂಲೆ ಹರಿದು ಒಂದು ಹೆಣ್ಣನ್ನು ಒಯ್ದಿತು. ಅದರ ಜಾಗಕ್ಕೆ ಇನ್ನೊಂದು ತಂದು, ಕೆಳಗಿನ 3 ಅಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಳಿಗೆ ಹಾಕಿಸಿ, ಹೊರಬದಿಗೆ 1 ಅಡಿ ಮಣ್ಣಲ್ಲಿ ಹೂತೆವು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಬರೇ ನೆಲದ ಮೇಲೆ ಇಟ್ಟಿದ್ದ ಕಾಲುಗಳು ಓರೆಯಾಗಿದ್ದವು. ತಿರುಗಿಸಿ ನಿಲ್ಲಿಸುವಾಗ ನಾಲ್ಕೂ ಮೂಲೆಗೆ ಕಲ್ಲು, ಕಾಂಕ್ರೀಟಿನ ಅಡಿಪಾಯ ಕೊಟ್ಟೆವು. ಎರೆ ಹೊಲದವರು ಇದನ್ನು ಮೊದಲೇ ಮಾಡಿಕೊಳ್ಳಿ.

ಜಾಗ ಮಿಕ್ಕಿದೆ ಎಂದು ಜವಾರಿ ಕೋಳಿಗಳನ್ನೂ ಇದೇ ಗೂಡಿಗೆ ಬಿಡುವ ಯೋಚನೆ ಇತ್ತು. ವೈದ್ಯರು ಖಡಾಖಂಡಿತ ಬೇಡ ಅಂದರು. ಕೋಳಿಯ ಹೊಟ್ಟೆಯ ಜಂತುವಿನ ಮೊಟ್ಟೆಯಲ್ಲಿ ಬ್ಲ್ಯಾಕ್‌ಹೆಡ್ ರೋಗದ ಜೀವಿ ಕೂತಿರುತ್ತದೆ. ಕೋಳಿ ಬಹುತೇಕ ತಡೆದುಕೊಳ್ಳುತ್ತದೆ, ಟರ್ಕಿ ಹಳದಿ ಹಿಕ್ಕೆ ಹಾಕುತ್ತ ಸಾಯುತ್ತದೆ. ನಮ್ಮ ಕೋಳಿಗಳಿಗೆ ಮನೆಯ ಇನ್ನೊಂದು ಬದಿಗೆ ಬೇರೆ ಗೂಡು, ಬೇರೆ ಸಲಿಕೆ ಇದೆ.

ಬದಲಾವಣೆಗೆಲ್ಲ ಸೇರಿ ಸುಮಾರು 11 ಸಾವಿರ ಆಯಿತು. ಐದಕ್ಕೆ ಚೌಕಟ್ಟಿಗೆ ನಾಲ್ಕೂವರೆ ಕೊಡುತ್ತೇನೆ, ಜಾಳಿಗೆಗೆ ಎರಡು, ಕೂರುವ ವ್ಯವಸ್ಥೆಗೆ ಒಂದು. ಈ ಮಾದರಿ ಕೊಳ್ಳುವವರು ಆರ್ಡರ್ ಕೊಡುವಾಗಲೇ ಪೈಪು ಹಾಕಬೇಡಿ, ಕಿಂಡಿ 2 ಅಡಿ ಇಡಿ ಎಂದು ಹೇಳಿ. ಪೈಪಿನ ದುಡ್ಡು ದಪ್ಪ ಜಾಳಿಗೆಗೆ ಹಾಕಿಸಿ, ತೊಲೆಯನ್ನು ನಿಮ್ಮ ಊರಿನ ಬಡಿಗರಿಂದಲೇ ಮಾಡಿಸಿಕೊಳ್ಳಿ.